ತಲೆಯ ಹಿಂದೊಂದು ಬಿಳಿ ಚುಕ್ಕೆ

ಮಳೆ ಹೊಳವಾದ ಬೆಳಿಗ್ಗೆ ಹಿತ್ತಲಲ್ಲಿ ಕರಿಬೇವಿನ ಗಿಡದ ಹಸಿರು ಹುಳವನ್ನು ಬಗ್ಗಿ ನೋಡಿ. ಅದೃಷ್ಟವಿದ್ದರೆ (ನಿಮ್ಮದು, ಹುಳದ್ದಲ್ಲ) ತಲೆಯ ಹಿಂದೆ ನುಚ್ಚಕ್ಕಿಯ ಚೂರಿನಂಥ ಬಿಳಿ ಚುಕ್ಕೆ ಅಂಟಿರುತ್ತದೆ. ಅದು ಟ್ಯಾಕಿನಿಡ್ ನೊಣದ ಮೊಟ್ಟೆ. ಅಲ್ಲಿಗೆ ಹುಳದ ಬಾಯಿ ಎಟುಕುವುದಿಲ್ಲ.

ಪರಾವಲಂಬಿ ಕಣಜಗಳಿಗೆ ಚುಚ್ಚಿ ಮೊಟ್ಟೆಯಿಡುವ ಸೂಜಿಯಿದೆ. ಈ ನೊಣಗಳಲ್ಲಿ ಹೆಚ್ಚಿನವಕ್ಕೆ ಅದಿಲ್ಲ. ಹಾಗಾಗಿ ಹುಳದ ಒಳಗೆ ನುಗ್ಗುವ ಕೆಲಸ ಮರಿಯ ಪಾಲಿಗೇ ಬಿತ್ತು.

ರೇಷ್ಮೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಕರ್ನಾಟಕಕ್ಕೆ ಬಂದ ಊಜಿ ನೊಣ ಇದೇ ಕುಟುಂಬದ್ದು. ಹೆಣ್ಣು ಇಡುವುದು ಕೆಲವು ನೂರು ಮೊಟ್ಟೆ, ಹುಳಕ್ಕೆ ಒಂದೋ ಎರಡೋ. ಎರಡು-ಮೂರು ದಿನಕ್ಕೆ ಮರಿ ಚರ್ಮ ಕೊರೆದು ಒಳಸೇರುತ್ತದೆ, ಅಲ್ಲೊಂದು ಕಪ್ಪು ಕಲೆ ಮೂಡುತ್ತದೆ. ಸ್ವಾರಸ್ಯವಿರುವುದು ಆ ಕಲೆಯಲ್ಲೇ. ರೇಷ್ಮೆಹುಳದ ರಕ್ತಕಣಗಳು ಶತ್ರುವಿನ ಸುತ್ತ ಗೋಡೆ ಕಟ್ಟಿ ಉಸಿರುಗಟ್ಟಿಸಲು ನೋಡುತ್ತವೆ. ಮರಿಯೋ ಆ ಗೋಡೆಯನ್ನೇ ಕೊಳವೆ ಮಾಡಿಕೊಂಡು, ಹಿಂಬದಿಯ ಉಸಿರುರಂಧ್ರವನ್ನು ತೂತಿಗೆ ಒತ್ತಿ ಹೊರಗಿನ ಗಾಳಿ ಎಳೆಯುತ್ತದೆ. ಸುಮಾರು ಒಂದು ವಾರ ತಿಂದು ಹೊರಬಿದ್ದು, ಕತ್ತಲೆಯ ಬಿರುಕಿನಲ್ಲಿ ಕೋಶವಾಗುತ್ತದೆ. ಅಷ್ಟರಲ್ಲಿ ಹುಳ ಗೂಡು ಕಟ್ಟಿದ್ದರೆ ಅದನ್ನೂ ತೂತು ಮಾಡಿಯೇ ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು. ಹುಳುಮನೆಯ ಕಿಟಕಿ, ಬಾಗಿಲಿಗೆ ನೈಲಾನ್ ಪರದೆ ಕಟ್ಟುವುದು ಇದಕ್ಕೇ.

ಚರ್ಮದ ಮೇಲೆ ಮೊಟ್ಟೆಯಿಡುವುದರಲ್ಲಿ ಒಂದು ಅಪಾಯವಿದೆ. ಬೆಳೆಗಾರರು ‘ಜ್ವರ’ ಎನ್ನುವ ಪೊರೆಬಿಡುವ ಹೊತ್ತು ಬಂದರೆ, ಒಡೆಯದ ಮೊಟ್ಟೆ ಪೊರೆಯ ಜೊತೆಗೇ ಕಳಚಿಹೋಗುತ್ತದೆ.

ಕಾಂಡದೊಳಗೆ ಅಡಗಿದ ಹುಳಕ್ಕೆ ಮೊಟ್ಟೆ ಅಂಟಿಸುವುದು ಹೇಗೆ? ಕಬ್ಬು, ಭತ್ತದ ಕಾಂಡಕೊರಕಗಳ ಶತ್ರು ಸ್ಟರ್ಮಿಯಾಪ್ಸಿಸ್ ಇನ್‌ಫೆರೆನ್ಸ್ ಎಂಬ ಟ್ಯಾಕಿನಿಡ್ ನೊಣ ಮೊಟ್ಟೆಯನ್ನು ಹೊಟ್ಟೆಯಲ್ಲೇ ಒಡೆಸಿ, ಕೊರಕದ ಹಿಕ್ಕೆಯ ವಾಸನೆ ಹಿಡಿದು ಬಂದು ತೂತಿನ ಬಳಿ ಜೀವಂತ ಮರಿಗಳನ್ನೇ ಉದುರಿಸುತ್ತದೆ. ಉಳಿದ ದಾರಿ ಮರಿಗಳೇ ತೆವಳಿ ಮುಗಿಸಬೇಕು.

ಇನ್ನು ಕೆಲವದ್ದು ಪೂರಾ ಜೂಜು. ಕಣ್ಣಿಗೆ ಕಾಣದಷ್ಟು ಸಣ್ಣ ಮೊಟ್ಟೆಗಳನ್ನು ಸಾವಿರಗಟ್ಟಲೆ ಎಲೆಗಳ ಮೇಲೆ ಚೆಲ್ಲಿ ಹೋಗುತ್ತವೆ. ಹುಳ ಎಲೆಯ ಜೊತೆ ನುಂಗಿದರೆ ಮೊಟ್ಟೆ ಅದರ ಹೊಟ್ಟೆಯಲ್ಲಿ ಒಡೆಯುತ್ತದೆ. ನುಂಗದಿದ್ದರೆ ಅದು ಅಲ್ಲೇ ಹಾಳು. ಹುಳದ ಮೈಮೇಲೇ ಇಡುವ ಊಜಿಗೆ ಕೆಲವು ನೂರು ಸಾಕಾದದ್ದೇಕೆಂದು ಇಲ್ಲಿ ತಿಳಿಯುತ್ತದೆ.

ಊಜಿಗೂ ನೆಮ್ಮದಿಯಿಲ್ಲ. ರೇಷ್ಮೆ ವಿಜ್ಞಾನಿಗಳು ನೆಸೋಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜವನ್ನು ಸಾಕಿ ಹುಳುಮನೆಗಳಿಗೆ ಬಿಡಿಸುತ್ತಾರೆ. ಅದು ಬಿರುಕುಗಳನ್ನು ತಡಕಿ ಊಜಿಯ ಕೋಶ ಹುಡುಕಿ ಮೊಟ್ಟೆಯಿಡುತ್ತದೆ. ಅದಕ್ಕೆ ಸೂಜಿಯಿದೆ.