ದೊಡ್ಡ ಕಾರಿನ ಚಿಕ್ಕ ಕಿಡಿ

ನಮ್ಮ ಗಂಗಾವತಿ, ಕೊಪ್ಪಳದ ರಸ್ತೆಗಳಲ್ಲಿ ಬೆಂಜ್, ಆಡಿ, ಬಿಎಂಡಬ್ಲ್ಯು ಕಾರುಗಳು ಆಗೊಮ್ಮೆ ಈಗೊಮ್ಮೆ ಕಾಣುತ್ತವೆ. ಸೆಕೆಂಡ್ ಹ್ಯಾಂಡ್ ಕೊಂಡರೆ ಇಂಥ ಕಾರಿನ ಬೆಲೆ ಇಳಿದಿರುತ್ತದೆ, ಆದರೆ ರಿಪೇರಿಯ ಬಿಲ್ಲು ಇಳಿದಿರುವುದಿಲ್ಲ. ಹೀಗಾಗಿ ಒಂದು ಪ್ರಶ್ನೆ ಏಳುತ್ತದೆ: ಸ್ಪಾರ್ಕ್ ಪ್ಲಗ್ ಬದಲಿಸುವಂಥ ಕೆಲಸವನ್ನು ಮನೆಯಲ್ಲೇ ಮಾಡಬಹುದೇ? ಮಾಡಬಹುದು. ಕಾರಿನ ಹೆಸರಿಗೆ ಹೆದರಬೇಕಿಲ್ಲ. ಆದರೆ ಅವಸರಕ್ಕೆ ಹೆದರಬೇಕು.

ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ನೋಡಿ. ಡೀಸೆಲ್ ಎಂದಿದ್ದರೆ ಕೆಲಸ ಅಲ್ಲಿಗೇ ಮುಗಿಯಿತು. ಡೀಸೆಲ್ ಎಂಜಿನ್‌ನಲ್ಲಿ ಗಾಳಿಯನ್ನು ಬಲವಾಗಿ ಒತ್ತಿ ಬಿಸಿ ಮಾಡುತ್ತಾರೆ, ಆ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಅಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಅದರಲ್ಲಿರುವ ಗ್ಲೋ ಪ್ಲಗ್ ಚಳಿಯಲ್ಲಿ ಸ್ಟಾರ್ಟ್ ಆಗಲು ನೆರವಾಗುವ ಬೇರೆಯೇ ವಸ್ತು.

ಪೆಟ್ರೋಲ್ ಎಂಜಿನ್‌ಗೆ ಕಿಡಿ ಬೇಕೇ ಬೇಕು. ಬ್ಯಾಟರಿ ಕೊಡುವುದು ಬರೀ 12 ವೋಲ್ಟ್. ಪ್ಲಗ್‌ನ ತುದಿಯಲ್ಲಿರುವ ಸುಮಾರು 1 ಮಿಲಿಮೀಟರ್ ಸಂದನ್ನು ಕಿಡಿ ಜಿಗಿಯಬೇಕಾದರೆ 20 ಸಾವಿರ ವೋಲ್ಟ್‌ಗೂ ಹೆಚ್ಚು ಬೇಕಾಗಬಹುದು. ಈ ಏರಿಕೆ ಮಾಡುವುದು ಇಗ್ನಿಷನ್ ಕಾಯಿಲ್. ದ್ವಿತೀಯ ಪಿಯುಸಿಯ ಭೌತಶಾಸ್ತ್ರದಲ್ಲಿ ವಿದ್ಯುತ್ಕಾಂತೀಯ ಪ್ರೇರಣೆ ಓದಿದವರಿಗೆ ಇದು ಹೊಸತಲ್ಲ: ಒಂದು ಸುರುಳಿಯಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ಕಡಿದರೆ, ಪಕ್ಕದ ಹೆಚ್ಚು ಸುತ್ತಿನ ಸುರುಳಿಯಲ್ಲಿ ಭಾರೀ ವೋಲ್ಟೇಜ್ ಹುಟ್ಟುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಪ್ಲಗ್ ಸೆಕೆಂಡಿಗೆ 25 ಬಾರಿ ಕಿಡಿ ಹಾರಿಸುತ್ತದೆ. ಆರು ಸಿಲಿಂಡರ್ ಇದ್ದರೆ ಒಟ್ಟು 150 ಕಿಡಿ!

ಈ ಪ್ಲಗ್‌ಗೆ ನಮ್ಮ ರಾಜ್ಯದ ನಂಟೂ ಇದೆ. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ 'ಮೈಕೊ', ದೇಶದ ತುಂಬ ಪ್ಲಗ್ ಮಾರಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು.

ಪ್ಲಗ್ ಸವೆದರೆ ತಿಳಿಯುವುದು ಹೇಗೆ? ಬೆಳಿಗ್ಗೆ ಸ್ಟಾರ್ಟ್ ಮಾಡಲು ಕಷ್ಟವಾಗುತ್ತದೆ, ನಿಂತಲ್ಲಿ ಎಂಜಿನ್ ನಡುಗುತ್ತದೆ, ಪಿಕಪ್ ಮತ್ತು ಮೈಲೇಜ್ ಇಳಿಯುತ್ತವೆ. ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಮಿಣುಕತೊಡಗಿದರೆ ಕಾರು ಓಡಿಸುವುದನ್ನು ನಿಲ್ಲಿಸಬೇಕು. ಉರಿಯದೆ ಉಳಿದ ಪೆಟ್ರೋಲ್ ಸೈಲೆನ್ಸರಿನ ಹಾದಿಗೆ ಹೋಗಿ ಉರಿದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಪ್ಲಗ್‌ನ ಖರ್ಚು ಅದರ ಮುಂದೆ ಏನೂ ಅಲ್ಲ. ಸಾಮಾನ್ಯ ನಿಕ್ಕಲ್ ಪ್ಲಗ್ 20–30 ಸಾವಿರ ಕಿಲೋಮೀಟರ್ ಬಾಳಿದರೆ, ಇರಿಡಿಯಂ ಪ್ಲಗ್ ಸುಮಾರು 1 ಲಕ್ಷದವರೆಗೂ ಬಾಳಬಹುದು. ನಿಕ್ಕಲ್ 1455 ಡಿಗ್ರಿಗೆ ಕರಗುತ್ತದೆ, ಇರಿಡಿಯಂ ಸುಮಾರು 2446 ಡಿಗ್ರಿಗೆ. ನಿಮ್ಮ ಕಾರಿನ ಲೆಕ್ಕವನ್ನು ಕಾರಿನ ಪುಸ್ತಕದಲ್ಲೇ ನೋಡಿ, ಪ್ಲಗ್‌ನ ನಂಬರನ್ನೂ ಅದರಿಂದಲೇ ಬರೆದುಕೊಳ್ಳಿ.

ಎಷ್ಟು ಪ್ಲಗ್ ತರಬೇಕು ಎಂಬುದನ್ನೂ ಮೊದಲೇ ತಿಳಿಯಿರಿ. ಬೆಂಜ್‌ನ ಎಂ112 ಎಂಬ ಆರು ಸಿಲಿಂಡರಿನ ಎಂಜಿನ್‌ಗೆ ಸಿಲಿಂಡರಿಗೆ ಎರಡರಂತೆ 12 ಪ್ಲಗ್ ಬೇಕು. ಆಶ್ಚರ್ಯವೇನಿಲ್ಲ, ನಮ್ಮ ಪಲ್ಸರ್ ಡಿಟಿಎಸ್-ಐ ಬೈಕಿನಲ್ಲೂ ಒಂದೇ ಸಿಲಿಂಡರಿಗೆ ಎರಡು ಪ್ಲಗ್ ಇವೆ. ಸಾಕೆಟ್ ಪಾನಾ ಸಾಮಾನ್ಯವಾಗಿ 16 ಅಥವಾ 21 ಮಿ.ಮೀ. ಇರುತ್ತದೆ. ಕೆಲವು ಬಿಎಂಡಬ್ಲ್ಯು ಎಂಜಿನ್‌ಗಳಿಗೆ ಮಾತ್ರ 14 ಮಿ.ಮೀ.ನ, 12 ಮೂಲೆಯ ತೆಳು ಸಾಕೆಟ್ ಬೇಕು.

ಈಗ ಕೆಲಸದ ಕ್ರಮ.

1. ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಅಲ್ಯೂಮಿನಿಯಂ ಹೆಡ್‌ನಿಂದ ಪ್ಲಗ್ ತೆಗೆದರೆ ಮರೆ ಕಿತ್ತುಬರಬಹುದು. ಕೀಲಿ ದೂರ ಇಡಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ.

2. ಮೇಲಿನ ಪ್ಲಾಸ್ಟಿಕ್ ಕವರ್ ತೆಗೆಯಿರಿ. ಕಾಯಿಲ್‌ನ ಕನೆಕ್ಟರಿನ ಕ್ಲಿಪ್ ಬಿಸಿಗೆ ಒಣಗಿ ಪೆಡಸಾಗಿರುತ್ತದೆ, ಮೆಲ್ಲಗೆ ಒತ್ತಿ ಬಿಡಿಸಿ. ಬೋಲ್ಟ್ ಬಿಚ್ಚಿ ಕಾಯಿಲನ್ನು ನೇರ ಮೇಲಕ್ಕೆ ಎಳೆಯಿರಿ.

3. ನಮ್ಮ ಕಡೆ ಇದನ್ನು ಮರೆಯಲೇಬಾರದು. ಕುಷ್ಟಗಿ, ಯಲಬುರ್ಗಾದ ದೂಳಿನ ರಸ್ತೆಗಳಲ್ಲಿ ಓಡಾಡಿದ ಕಾರಿನ ಪ್ಲಗ್ ಗುಂಡಿಯಲ್ಲಿ ಮಣ್ಣು ಕೂತಿರುತ್ತದೆ. ಪ್ಲಗ್ ಸಡಿಲಿಸುವ ಮೊದಲೇ ಗಾಳಿ ಹೊಡೆದು ಅದನ್ನು ಹಾರಿಸಿ. ಇಲ್ಲದಿದ್ದರೆ ಆ ಮಣ್ಣು ನೇರ ಸಿಲಿಂಡರಿಗೆ ಬಿದ್ದು ಒಳಗೋಡೆಯನ್ನು ಗೀರುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

4. ಒಂದೊಂದಾಗಿ ಪ್ಲಗ್ ಬದಲಿಸಿ. ಹೊಸ ಪ್ಲಗ್‌ನ ಮೊದಲ ಸುತ್ತುಗಳು ಕೈಯಿಂದಲೇ ಆಗಬೇಕು. ಪ್ಲಗ್‌ನ ತಲೆಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ ತಿರುಗಿಸುವುದು ಒಳ್ಳೆಯ ಉಪಾಯ. ಮರೆ ಓರೆಯಾಗಿ ಕೂತರೆ ಪೈಪು ಜಾರುತ್ತದೆ, ನಮಗೆ ತಿಳಿಯುತ್ತದೆ. ಪಾನಾ ಹಾಕಿ ಜೋರು ಮಾಡಿದರೆ ತಿಳಿಯುವುದಿಲ್ಲ, ಹೆಡ್‌ನ ಮರೆಯೇ ಹೋಗುತ್ತದೆ.

5. ಕೊನೆಯ ಬಿಗಿಯನ್ನು ಟಾರ್ಕ್ ಪಾನಾದಿಂದ, ಪುಸ್ತಕದಲ್ಲಿ ಹೇಳಿದಷ್ಟೇ ಕೊಡಿ. ಎಷ್ಟು ಬಿಗಿ ಮಾಡಿದರೆ ಅಷ್ಟು ಒಳ್ಳೆಯದು ಎಂಬ ಮಾತು ಇಲ್ಲಿ ಸಲ್ಲದು.

ಹೊರಬಂದ ಹಳೆಯ ಪ್ಲಗ್‌ಗಳನ್ನು ಎಸೆಯಬೇಡಿ, ಸಿಲಿಂಡರಿನ ಕ್ರಮದಲ್ಲೇ ಕಾಗದದ ಮೇಲೆ ಜೋಡಿಸಿ. ತುದಿ ತಿಳಿ ಕಂದು ಅಥವಾ ಬೂದು ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕರಿ ಮಸಿ ಇದ್ದರೆ ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು ಹೋಗುತ್ತಿರಬಹುದು, ಏರ್ ಫಿಲ್ಟರ್ ನೋಡಿ. ಎಣ್ಣೆಯಿಂದ ತೊಯ್ದಿದ್ದರೆ ಎಲ್ಲೋ ಆಯಿಲ್ ಸೋರುತ್ತಿದೆ. ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ಅತಿ ಬಿಸಿಯ ಗುರುತು. ಪ್ಲಗ್ ಬದಲಿಸಿದ ಮಾತ್ರಕ್ಕೆ ಈ ಮೂರು ರೋಗ ವಾಸಿಯಾಗುವುದಿಲ್ಲ.

ಎಲ್ಲಿ ನಿಲ್ಲಿಸಬೇಕು ಎಂಬುದೂ ಈ ವಿದ್ಯೆಯ ಭಾಗ. ಕೆಲವು ಆರು ಸಿಲಿಂಡರಿನ ಕಾರುಗಳಲ್ಲಿ ಹಿಂದಿನ ಮೂರು ಪ್ಲಗ್‌ಗಳು ಗಾಳಿ ಒಯ್ಯುವ ಮ್ಯಾನಿಫೋಲ್ಡಿನ ಅಡಿಯಲ್ಲಿ ಅಡಗಿರುತ್ತವೆ. ಪ್ಲಗ್ ಅರ್ಧಕ್ಕೆ ಬಂದು ಸಿಕ್ಕಿಕೊಂಡರೆ ಬಲ ಹಾಕಬೇಡಿ. ಅಂಥಲ್ಲಿ ಗ್ಯಾರೇಜಿನ ಅನುಭವಿ ಉಸ್ತಾದರನ್ನು ಕರೆಯುವುದು ಸೋಲಲ್ಲ. ಅವರ ಕೈಗೆ ಇರುವ ಅಂದಾಜು ಯಾವ ಪುಸ್ತಕದಲ್ಲೂ ಸಿಗದು.

ಕಲಿಯುವ ಆಸೆ ಇರುವ ವಿದ್ಯಾರ್ಥಿಗಳು ಮೊದಲು ಮನೆಯ ಬೈಕಿನ ಒಂದು ಪ್ಲಗ್‌ನಿಂದ, ಹಿರಿಯರನ್ನು ಪಕ್ಕದಲ್ಲಿ ಇಟ್ಟುಕೊಂಡು ಶುರು ಮಾಡಲಿ. ಪ್ಲಗ್ ಬಿಚ್ಚಲು ಲೈಸೆನ್ಸ್ ಬೇಕಿಲ್ಲ, ಗಾಡಿ ಓಡಿಸಲು ಬೇಕು. ಇನ್ನೊಬ್ಬರ ವಾಹನ ನಮ್ಮ ಕೈಯಲ್ಲಿ ಅಮಾನತ್ ಇದ್ದಂತೆ. ಅದನ್ನು ಮುಟ್ಟುವ ಮೊದಲು ಅನುಮತಿ ಕೇಳಿ. ಕೆಲಸ ಮುಗಿದ ಮೇಲೆ ತಾರೀಖು, ಕಿಲೋಮೀಟರ್ ಮತ್ತು ಪ್ಲಗ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕಾರಿನ ಪುಸ್ತಕದೊಳಗೆ ಇಡಿ. ಮುಂದೆ ಆ ಬಾನೆಟ್ ತೆರೆಯುವವರು ನಿಮ್ಮನ್ನು ನೆನೆಯುತ್ತಾರೆ.