ಕೀಲುನೋವಿನ ಕೈಗೆ ಸೂಜಿ-ದಾರದ ಅನುಕೂಲಗಳು

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಅನೇಕರ ಮನೆಯಲ್ಲಿ ಕೌದಿ ಹೊಲಿಯುವ ತಾಯಿಯೋ ಅತ್ತೆಯೋ ಇದ್ದಾರೆ. ವಿಜಾಪುರ, ಬಾಗಲಕೋಟೆ, ಧಾರವಾಡದ ಕಡೆಯಿಂದ ಹೊಟ್ಟೆಪಾಡಿಗೆ ಬಂದವರ ಟ್ರಂಕಿನಲ್ಲಿ ಮತ್ತೇನಿಲ್ಲದಿದ್ದರೂ ಹಳೆಯ ಸೀರೆ-ಧೋತರಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿಯೊಂದು ಇದ್ದೇ ಇರುತ್ತದೆ. ಅದನ್ನು ಹೊಲಿದ ಕೈಗೆ ವಯಸ್ಸಾದಾಗ ಏನಾಗುತ್ತದೆಂದು ನಾವು ಯೋಚಿಸುವುದು ಮಾತ್ರ ಕಡಿಮೆ.

ನಮ್ಮ ಚಾಳಿನ ಅಜ್ಜಿಯೊಬ್ಬರು ಮೊಮ್ಮಗಳ ಬಾಣಂತನಕ್ಕೆಂದು ಆರಂಭಿಸಿದ ಕೌದಿಯನ್ನು ಅರ್ಧಕ್ಕೇ ಮಡಿಸಿಟ್ಟಿದ್ದರು. ಕಣ್ಣು ಸಾಲದೇನೋ ಎಂದು ನಾವು ಕೇಳಿದೆವು. “ಕಣ್ಣ ಛಲೋ ಅದಾವ ತಮ್ಮಾ. ಹೊಲಿಯೂದು ಬರತೈತಿ, ಸೂಜಿ ಹಿಡಿಯೂದ ಆಗವಲ್ದು” ಎಂದರು. ಮಗನು “ಸಾಕ ಬಿಡವ್ವಾ, ಬಜಾರದಾಗ ಬ್ಲಾಂಕೆಟ್ ಸಿಗತಾವ” ಎಂದಿದ್ದನಂತೆ. ಅವನು ಪ್ರೀತಿಯಿಂದಲೇ ಅಂದದ್ದು. ಆದರೆ ಅಂದಿನಿಂದ ಅಜ್ಜಿ ಮಧ್ಯಾಹ್ನವೆಲ್ಲ ಗೋಡೆಗೆ ಒರಗಿ ಸುಮ್ಮನೆ ಕೂತಿರುತ್ತಿದ್ದರು.

ನಾವು ಗಿರಣಿಯ ಗುಮಾಸ್ತರು, ವೈದ್ಯರಲ್ಲ. ಆದರೂ ಕೇಳಿ, ಓದಿ ತಿಳಿದುಕೊಂಡ ಒಂದು ಸಂಗತಿ ಈ ವಿಷಯಕ್ಕೆಲ್ಲ ಬೀಗದಕೈ ಇದ್ದಂತಿದೆ. ಸೂಜಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಚಿಟಿಕೆಯಂತೆ ಹಿಡಿಯುತ್ತೇವಷ್ಟೆ. ಆ ತುದಿಯಲ್ಲಿ ಒಂದು ಕಿಲೋ ತೂಕದಷ್ಟು ಒತ್ತಿದರೆ ಹೆಬ್ಬೆರಳಿನ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋದಷ್ಟು ಭಾರ ಬೀಳುತ್ತದೆಂದು ಲೆಕ್ಕ ಹಾಕಿದ್ದಾರೆ. ಸವೆದ ಕೀಲಿಗೆ ದಿನಕ್ಕೆ ಸಾವಿರ ಸಲ ಈ ಭಾರ ಬಿದ್ದರೆ ನೋಯದೆ ಏನಾದೀತು? ಆದುದರಿಂದ ಯಾವ ಉಪಕರಣ ಕೊಳ್ಳುವ ಮುಂಚೆಯೂ ಇದೊಂದನ್ನು ನೋಡಬೇಕು: ಇದು ಚಿಟಿಕೆಯ ಬಿಗಿಯನ್ನು ಸಡಿಲಿಸುತ್ತದೆಯೇ, ಇಲ್ಲವೆ ಆ ಕೆಲಸವನ್ನು ಅಂಗೈಗೋ ತೋಳಿಗೋ ವಹಿಸಿಕೊಡುತ್ತದೆಯೇ? ಎರಡೂ ಇಲ್ಲದಿದ್ದರೆ ಅದು ಬರಿಯ ಆಟಿಕೆ.

ಇದು ತಿಳಿಯುವ ಮೊದಲು ನಾವೂ ದಂಡ ತೆತ್ತಿದ್ದುಂಟು. ಸಂಬಳದ ವಾರದ ಉತ್ಸಾಹದಲ್ಲಿ ಹತ್ತಂಗುಲದ ಉಕ್ಕಿನ ದರ್ಜಿ ಕತ್ತರಿಯೊಂದನ್ನು ತಂದು ಅಜ್ಜಿಗೆ ಕೊಟ್ಟೆವು. ಅದರ ಭಾರಕ್ಕೇ ಮಣಿಕಟ್ಟು ಬಾಗಿತು. ಅಜ್ಜಿ ನಮ್ಮ ಮನಸ್ಸು ನೋಯದಿರಲೆಂದು ನಕ್ಕರು, ಕತ್ತರಿ ಡಬ್ಬಿ ಸೇರಿತು. ಬೇಕಾದದ್ದು ಸ್ಪ್ರಿಂಗಿನಿಂದ ತಾನಾಗಿ ತೆರೆದುಕೊಳ್ಳುವ ಹಗುರ ಕತ್ತರಿ. ದಾರ ಕತ್ತರಿಸಲು ದರ್ಜಿಗಳು ಮುಷ್ಟಿಯಲ್ಲಿ ಹಿಡಿದು ಒತ್ತುವ ಪುಟ್ಟ ಕಟರ್ ಇನ್ನೂ ಉತ್ತಮ, ಬೆಲೆಯೂ ಅಲ್ಪ. ಅದಕ್ಕೆ ಬೆರಳು ತೂರಿಸಬೇಕಾದ ಬಳೆಗಳೇ ಇಲ್ಲ. ದೊಡ್ಡ ಬಟ್ಟೆ ಕತ್ತರಿಸುವ ಕೆಲಸವನ್ನು ಮನೆಯ ಹುಡುಗರು ಮಾಡಿಕೊಟ್ಟರೆ ಅವರ ಮಾನವೇನೂ ಹೋಗದು.

ಅತ್ಯಂತ ಉಪಯೋಗಕ್ಕೆ ಬಂದ ವಸ್ತು ನಮ್ಮ ಕಚೇರಿಯ ಮೇಜಿನ ಮೇಲೆಯೇ ಬಿದ್ದಿತ್ತು! ನೋಟು ಎಣಿಸುವಾಗ, ಕಾಗದ ಮಗುಚುವಾಗ ಬೆರಳಿಗೆ ಹಾಕುವ ಗುಬುಟುಗುಬುಟಾದ ರಬ್ಬರ್ ಟೋಪಿ. ಹೆಬ್ಬೆರಳಿಗೊಂದು, ತೋರುಬೆರಳಿಗೊಂದು ಹಾಕಿಕೊಂಡರೆ ಸೂಜಿ ಜಾರುವುದಿಲ್ಲ. ಜಾರದ್ದನ್ನು ಬಿಗಿಯಾಗಿ ಹಿಡಿಯಬೇಕಾದ್ದೂ ಇಲ್ಲ. ಸೈಕಲ್ ಟ್ಯೂಬಿನ ಅಂಗುಲದಷ್ಟು ತುಂಡಿನಿಂದ ಸೂಜಿಯ ತುದಿ ಹಿಡಿದೆಳೆದರೂ ಅದೇ ಫಲ. ಕ್ರೋಶಾ ಕಡ್ಡಿ ಹಿಡಿಯುವವರು ಅದೇ ಟ್ಯೂಬಿನ ಪಟ್ಟಿಯನ್ನು ಕಡ್ಡಿಗೆ ಸುತ್ತಿ ದಪ್ಪ ಮಾಡಿಕೊಳ್ಳಲಿ.

ಇನ್ನು ಸೂಜಿಯನ್ನು ನೂಕುವ ಮಾತು. ಜಪಾನಿನಲ್ಲಿ ಸಾಶಿಕೊ ಎಂಬ ಹೊಲಿಗೆಯಿದೆ. ನಮ್ಮ ಕೌದಿಯಂತೆಯೇ ಪದರಗಳನ್ನು ಸಾಲು ಸಾಲು ಓಟದ ಹೊಲಿಗೆಯಿಂದ ಕೂಡಿಸುವುದು. ಅಲ್ಲಿನವರು ನಡುಬೆರಳಿನ ಬುಡಕ್ಕೆ ಬಿಲ್ಲೆಯಿರುವ ಉಂಗುರ ಹಾಕಿ, ಉದ್ದ ಸೂಜಿಯ ಹಿಂಬದಿಯನ್ನು ಅಂಗೈಯಿಂದಲೇ ನೂಕುತ್ತಾರೆ. ಹಡಗಿನ ಹಾಯಿ ಹೊಲಿಯುವವರೂ ಅಂಗೈಗೆ ಚರ್ಮದ ಪಟ್ಟಿ ಕಟ್ಟುತ್ತಾರೆ. ನಾವು ಚಪ್ಪಲಿ ರಿಪೇರಿಯವರಿಂದ ಎರಡು ಪದರ ಚರ್ಮದ ನಡುವೆ ತೆಳು ತಗಡು ಇಡಿಸಿ ಅಂಥದೊಂದು ಪಟ್ಟಿ ಮಾಡಿಸಿದೆವು. ತಗಡನ್ನು ಮರೆಯಬಾರದು, ಮರೆತರೆ ಸೂಜಿ ಅಂಗೈಗೇ ಇಳಿದೀತು. ಅಜ್ಜಿಗೆ ರೂಢಿಯಾಗಲು ಒಂದು ವಾರ ಹಿಡಿಯಿತು. ಮೊದಲ ಎರಡು ದಿನ ನಮ್ಮನ್ನು ಬೈದದ್ದೇ ಬೈದದ್ದು.

ದಾರ ಪೋಣಿಸಲು ತಗಡಿನ ಹಿಡಿಯ ತಂತಿಯ ಸಾಧನ ದರ್ಜಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಕಣ್ಣಿನ ನೆತ್ತಿಯಲ್ಲಿ ಸೀಳಿದ್ದು, ದಾರವನ್ನು ಮೇಲಿನಿಂದ ಒತ್ತಿದರೆ ಒಳಸೇರುವ ಸೂಜಿಯೂ ಉಂಟು. ಆದರೆ ಕೌದಿಯ ದಪ್ಪ ದಾರ ಅದರಲ್ಲಿ ಹಿಂಜುತ್ತದೆ. ಮೊಮ್ಮಕ್ಕಳು ಶಾಲೆಗೆ ಹೊರಡುವ ಮೊದಲು ಹತ್ತು ಸೂಜಿಗೆ ದಾರ ಪೋಣಿಸಿ ಗಾದಿಗೆ ಚುಚ್ಚಿಟ್ಟು ಹೋದರೆ ಇವೆರಡೂ ಬೇಡ. ದಾರಕ್ಕೆ ಜೇನುಮೇಣ ಸವರಿದರೆ ಸಲೀಸಾಗಿ ಎಳೆಯಬಹುದು. ಬಟ್ಟೆ ಗಂಜಿ ತೆಗೆದ, ಒಗೆದು ಮೆತ್ತಗಾದ ಹತ್ತಿಯದಾಗಿರಲಿ. ಒಂದು ಪದರ ಕಡಿಮೆಯಾದರೂ ಕೈಗೆ ಬಹಳ ಹಗುರ. ಮೊಂಡಾದ ಸೂಜಿಯನ್ನು ಉಳಿಸುವ ಜಿಪುಣತನ ಬೇಡವೇ ಬೇಡ.

ಬಿಗಿ ಕೈಗವಸುಗಳ ಜಾಹೀರಾತು ಈಗ ಎಲ್ಲೆಡೆಯೂ ಇದೆ. ಬ್ರಿಟನ್ನಿನಲ್ಲಿ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯೊಂದರಲ್ಲಿ ಬಿಗಿ ಗವಸಿಗೂ ಸಡಿಲ ಗವಸಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬೆಚ್ಚಗಿದ್ದರೆ ಹಿತ, ಅಷ್ಟೆ. ಅದಕ್ಕೆ ಹೊಲಿಗೆಗೆ ಕೂರುವ ಮುಂಚೆ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಕೈ ಇಟ್ಟರೂ ಸಾಕು. ಕೌದಿಯ ಭಾರವನ್ನು ಕೈಯಲ್ಲಿ ಎತ್ತಿ ಹಿಡಿಯದೆ ತೊಡೆಯ ಮೇಲಿನ ದಿಂಬಿಗೆ ಬಿಡಬೇಕು. ನೋವು ಏರುವ ಮೊದಲೇ ಸೂಜಿ ಕೆಳಗಿಡಬೇಕು, ಏರಿದ ಮೇಲಲ್ಲ.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇವೆ. ಬೆಳಗಿನ ಬಿಗಿತ ಒಂದು ಗಂಟೆ ಮೀರಿದರೆ, ಎರಡೂ ಕೈಗಳ ಗೆಣ್ಣು, ಮಣಿಕಟ್ಟು ಊದಿ ಬೆಚ್ಚಗಾದರೆ ಅದು ಬರಿಯ ಸವೆತವಲ್ಲ, ರುಮಟಾಯ್ಡ್ ಎಂಬ ಬೇರೆ ಜಾತಿಯ ಸಂಧಿವಾತವಿರಬಹುದು. ಅದು ಮೂವತ್ತರ ಹರೆಯದವರಿಗೂ ಬರುತ್ತದೆ. ಬೇಗನೆ ವೈದ್ಯರಲ್ಲಿಗೆ ಹೋದರೆ ಕೀಲು ಹಾಳಾಗುವುದನ್ನು ತಡೆಯುವ ಔಷಧಗಳಿವೆ. ತೈಲ ತಿಕ್ಕುತ್ತ ತಿಂಗಳುಗಟ್ಟಲೆ ಕೂರಬೇಡಿ.

ಅಜ್ಜಿಯ ಕೌದಿಗೆ ಇನ್ನು ಅಂಚಿನ ಸಾಲುಗಳಷ್ಟೇ ಬಾಕಿ. ಹಿಂದೆ ಒಂದು ಗೇಣು ಹೊಲಿಯುತ್ತಿದ್ದ ಹೊತ್ತಿನಲ್ಲಿ ಈಗ ನಾಲ್ಕು ಬೆರಳಷ್ಟು ಆಗುತ್ತದೆ. ರಬ್ಬರ್ ಟೋಪಿ, ಕಟರ್, ಪೋಣಿಸುವ ತಂತಿ ಮತ್ತು ಚರ್ಮದ ಪಟ್ಟಿಯ ಇನ್ನೊಂದು ಜೊತೆಯನ್ನು ವಾಚನಾಲಯದ ಕಪಾಟಿನ ಕೆಳಗಿನ ಅರೆಯಲ್ಲಿ ಬಿಸ್ಕೀಟಿನ ಡಬ್ಬಿಯಲ್ಲಿ ಇಟ್ಟಿದ್ದೇವೆ. ರವಿವಾರ ಸಂಜೆ ತಾಯಂದಿರನ್ನು ಕರೆತಂದು ಕೈಗೆ ಹಾಕಿ ನೋಡಿಸಬಹುದು. ಡಬ್ಬಿ ಮಾತ್ರ ಇಲ್ಲಿಯೇ ಇರಲಿ.