ಹಿಮದ ಲೆಕ್ಕ, ದಡದ ಲೆಕ್ಕ

೨೦೨೪ರ ಅಕ್ಟೋಬರಿನಲ್ಲಿ ಅಮೆರಿಕದವರು ಗುರುಗ್ರಹದ ಚಂದ್ರನಾದ ಯೂರೋಪವನ್ನು ಅರಸಿ ನೌಕೆಯೊಂದನ್ನು ಕಳುಹಿದರು. ಅಲ್ಲಿನ ದಪ್ಪ ಹಿಮದಡಿಯಲ್ಲಿ ಭೂಮಿಯ ಕಡಲುಗಳನ್ನೆಲ್ಲ ಮೀರಿಸುವಷ್ಟು ನೀರಿದೆಯೆಂದು ವಿಜ್ಞಾನಿಗಳ ಎಣಿಕೆ. ಸಂತೋಷ, ಆದರೆ ತಿರುವೊಟ್ಟಿಯೂರಿನ ವಾಚಕರಿಗೆ ಭೂಮಿಯ ಹಿಮವೇ ಹತ್ತಿರದ ಚಿಂತೆ.

ಲೋಟದಲ್ಲಿ ತೇಲುವ ಮಂಜುಗಡ್ಡೆ ಕರಗಿದರೆ ಪಾನಕ ಉಕ್ಕದು. ಹೋಟೆಲಿನ ಹುಡುಗನೂ ಇದನ್ನು ಬಲ್ಲ. ಕಡಲಲ್ಲಿ ತೇಲುವ ಹಿಮದ್ದೂ ಹೆಚ್ಚು ಕಡಮೆ ಇದೇ ರೀತಿ. ಗ್ರೀನ್‌ಲೆಂಡ್, ಅಂಟಾರ್ಕ್ಟಿಕಗಳ ಹಿಮರಾಶಿಯಾದರೋ ನೆಲದ ಮೇಲಿನದು. ಅದು ಕರಗಿ ಹರಿದರೆ ತುಂಬಿದ ಲೋಟಕ್ಕೆ ಮತ್ತೆ ಸುರಿದಂತೆ.

೧೮೭೦ರ ದಶಕದಲ್ಲಿ ಮದರಾಸು ಬಂದರಿನ ಕಟ್ಟಡ ಮೊದಲಾದ ಮೇಲೆ, ಉತ್ತರಕ್ಕೆ ಸಾಗುತ್ತಿದ್ದ ಮರಳು ಮರೀನಾದಲ್ಲಿ ನಿಂತಿತು. ನಮ್ಮ ದಡ ಸವೆಯಿತು. ಕಲ್ಲು ಸುರಿದು ತಡೆಯೊಡ್ಡಿದ್ದಾಯಿತು. ಆ ಕಲ್ಲಿನ ಎತ್ತರದಲ್ಲಿ ಹಿಮದ ಲೆಕ್ಕವೂ ಸೇರಿದೆಯೇ? ಕಡಲಂಚಿನಲ್ಲಿ ಮನೆ ಕೊಳ್ಳುವ ನಮ್ಮವರು ಇದನ್ನು ವಿಚಾರಿಸಿಯೇ ಮುಂಗಡ ಕೊಡಲಿ.